ನೂರಕ್ಕೆ ತೊಂಬತ್ತೆಂಟು ಒಮ್ಮತ

ಹೊಸ ಸಾಫ್ಟ್‌ವೇರು ತೋರಿಸಲು ಮಾಧಾಪುರದಿಂದ ಬಂದ ಹುಡುಗಿಗೆ ಕನ್ನಡ ಬರುತ್ತದೆಂದು ಗೊತ್ತಾದಾಗ ವತ್ಸಲಾಬಾಯಿಯವರಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಹುಡುಗಿಯ ಹೆಸರು ವರ್ಷಾ. ಅಪ್ಪ ರಕ್ಷಣಾ ಇಲಾಖೆಯ ಯಾವುದೋ ಕಾರ್ಖಾನೆಯಲ್ಲಿದ್ದವರು. ಹುಟ್ಟಿ ಬೆಳೆದದ್ದೆಲ್ಲ ಹೈದರಾಬಾದು, ಮನೆಯಲ್ಲಿ ಮಾತ್ರ ಗುಲ್ಬರ್ಗಾದ ಮಾತು. "ನಮ್ಮ ಹುಡುಗಿ!" ಎಂದು ವತ್ಸಲಾಬಾಯಿ ಅವಳ ಕೈ ಹಿಡಿದುಕೊಂಡೇ ಮಹಡಿಗೆ ಕರೆದೊಯ್ದರು, ಚಹಾ ಕೊಡಿಸಿದರು, ಮನೆಯಿಂದ ತಂದಿದ್ದ ಚಕ್ಕುಲಿಯ ಡಬ್ಬಿ ತೆರೆದರು. ಇನ್ನರ್ಧ ಗಂಟೆಯಲ್ಲಿ ಅದೇ ಹುಡುಗಿ ತಮ್ಮ ಆರು ವರ್ಷದ ಮರ್ಯಾದೆಯನ್ನು ಗೋಡೆಯ ಮೇಲೆ ಬಿಚ್ಚಿ ತೋರಿಸಲಿದ್ದಾಳೆಂದು ಗೊತ್ತಿದ್ದರೆ ಚಕ್ಕುಲಿ ಕೊಡುತ್ತಿದ್ದರೋ ಇಲ್ಲವೋ. ಕೊಡುತ್ತಿದ್ದರು ಅನ್ನಿ. ಅವರ ಸ್ವಭಾವವೇ ಅಂಥದ್ದು, ಮತ್ತು ಈ ಕತೆಯ ತೊಂದರೆಯೆಲ್ಲ ಆ ಸ್ವಭಾವದ್ದೇ.

ಅದು ಎರಡು ಸಾವಿರದ ಎಂಟನೆಯ ಇಸವಿ. ಇಡೀ ಹೈದರಾಬಾದು ಕಂಪ್ಯೂಟರಿನ ಬೆನ್ನು ಹತ್ತಿ ಮಾಧಾಪುರದ ಕಡೆ ಓಡುತ್ತಿತ್ತು. ಬಂಡೆ ಒಡೆದು ಗಾಜಿನ ಕಟ್ಟಡ ಎಬ್ಬಿಸುವ ಗದ್ದಲದಲ್ಲಿ ಆ ಕಡೆಯವರಿಗೆ ಬೇರೇನೂ ಕೇಳಿಸುತ್ತಿರಲಿಲ್ಲ. ವತ್ಸಲಾಬಾಯಿಯವರ ಆಫೀಸು ಮಾತ್ರ ತಾರ್ನಾಕದಲ್ಲಿ, ಯೂನಿವರ್ಸಿಟಿಯ ಗೋಡೆಗೆ ಎದುರಾಗಿ, ಒಂದು ಹಳೆಯ ಮನೆಯ ಎರಡು ಮಹಡಿಗಳಲ್ಲಿ ತಣ್ಣಗೆ ಕೂತಿತ್ತು. ಹೆಸರು ಆರೋಗ್ಯ ಸಾಕ್ಷ್ಯ ಕೇಂದ್ರ. ಕೆಲಸ ಮಾಡುವವರು ಒಟ್ಟು ಒಂಬತ್ತು ಜನ.

ಅಲ್ಲಿಯ ಕೆಲಸ ಹೇಳಿದರೆ ಸರಳ. ಒಂದು ಔಷಧದ ಬಗ್ಗೆ ಲೋಕದಲ್ಲಿ ಯಾರ್ಯಾರು ಎಲ್ಲೆಲ್ಲಿ ಪ್ರಯೋಗ ಮಾಡಿ ಬರೆದಿದ್ದಾರೋ ಆ ಲೇಖನಗಳನ್ನೆಲ್ಲ ಹುಡುಕಿ ತರುವುದು. ಒಂದೊಂದನ್ನೂ ಓದಿ, ಇದನ್ನು ನಂಬಬಹುದೋ ಇಲ್ಲವೋ ಎಂದು ತೀರ್ಮಾನಿಸುವುದು. ನಂಬಬಹುದಾದ್ದನ್ನೆಲ್ಲ ಒಟ್ಟು ಸೇರಿಸಿ ಆ ಔಷಧದಿಂದ ಗುಣವುಂಟೇ ಎಂದು ಹೇಳುವುದು. ಇದಕ್ಕೊಂದು ಕಟ್ಟುನಿಟ್ಟಿನ ನಿಯಮವಿತ್ತು. ಪ್ರತಿ ಲೇಖನವನ್ನೂ ಇಬ್ಬರು ಓದಬೇಕು, ಬೇರೆ ಬೇರೆ ಕೂತು, ಒಬ್ಬರನ್ನೊಬ್ಬರು ಕೇಳದೆ. ಇಬ್ಬರ ಉತ್ತರವೂ ಹೊಂದಿದರೆ ಸರಿ. ಹೊಂದದಿದ್ದರೆ ಮೂರನೆಯವರು ಓದಿ ತೀರ್ಪು ಕೊಡಬೇಕು. ಒಬ್ಬರ ಕಣ್ಣು ತಪ್ಪಿದ್ದನ್ನು ಇನ್ನೊಬ್ಬರ ಕಣ್ಣು ಹಿಡಿಯಲಿ ಎಂಬುದೇ ಇದರ ಗುಟ್ಟು.

ಮೊದಲ ಓದುಗರು ವತ್ಸಲಾಬಾಯಿ. ವಿಜಾಪುರದವರು, ಸರ್ಕಾರಿ ಔಷಧಿ ಕಾರ್ಖಾನೆಯೊಂದರ ಪರೀಕ್ಷಾ ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ದುಡಿದು, ಸ್ವಯಂ ನಿವೃತ್ತಿ ಪಡೆದು ಇಲ್ಲಿಗೆ ಬಂದವರು. ಎರಡನೆಯವನು ಹುಲಗೇಶ. ಕುಷ್ಟಗಿ ಕಡೆಯವನು. ತಂದೆತಾಯಿ ಕಟ್ಟಡದ ಕೂಲಿಗೆಂದು ಹೈದರಾಬಾದಿಗೆ ಬಂದಾಗ ಕಂಕುಳ ಕೂಸಾಗಿದ್ದವನು, ಮುಂದೆ ಸ್ಟಾಟಿಸ್ಟಿಕ್ಸ್‌ನಲ್ಲಿ ಎಂ.ಎಸ್ಸಿ. ಮಾಡಿಕೊಂಡ. ಇಂಟರ್‌ವ್ಯೂದಲ್ಲಿ ಇಂಗ್ಲಿಷು ತಡವರಿಸಿ ತಲೆ ತಗ್ಗಿಸಿ ನಿಂತವನನ್ನು, "ಈ ಹುಡುಗನ ಕಣ್ಣು ಚುರುಕೈತ್ರಿ, ಇವನ್ನ ತಗೋಳೂಣು" ಎಂದು ಹಟ ಹಿಡಿದು ಕೆಲಸಕ್ಕೆ ಸೇರಿಸಿದವರು ವತ್ಸಲಾಬಾಯಿಯವರೇ. ಕಣ್ಣು ನಿಜಕ್ಕೂ ಚುರುಕಿತ್ತು. ಬಾಯಿ ಮಾತ್ರ ಆರು ವರ್ಷದಲ್ಲಿ ಮೇಡಂ ಎದುರು 'ಹೌದ್ರಿ' ಎಂಬುದನ್ನು ದಾಟಿ ಮುಂದೆ ಹೋಗಿರಲಿಲ್ಲ. ದಿನವೂ ಎರಡು ಡಬ್ಬಿ ತರುತ್ತಿದ್ದರು ವತ್ಸಲಾಬಾಯಿ, ಒಂದು ತಮಗೆ, ಒಂದು ಅವನಿಗೆ. ತೀರ್ಪು ಕೊಡುವ ಮೂರನೆಯವರು ಕೇಂದ್ರದ ನಿರ್ದೇಶಕರಾದ ಡಾಕ್ಟರ್ ಜಯತೀರ್ಥ, ರಾಯಚೂರಿನವರು, ಮಿತಭಾಷಿ.

ಓದಿದ್ದನ್ನೆಲ್ಲ ದಾಖಲಿಸುವ ಸಾಫ್ಟ್‌ವೇರಿನ ಹೆಸರು ನಿಕಷ. ಅದರ ಮೂರನೆಯ ಆವೃತ್ತಿಯಲ್ಲಿ ಇಬ್ಬರ ಉತ್ತರಗಳೂ ಅಕ್ಕಪಕ್ಕ ಕಾಣುತ್ತಿದ್ದವು. ಹೊಂದದ ಕಡೆ ಕೆಂಪು ಚೌಕ ಮೂಡುತ್ತಿತ್ತು. ನಿಯಮದ ಪ್ರಕಾರ ಕೆಂಪು ಚೌಕಗಳೆಲ್ಲ ಇದ್ದ ಹಾಗೇ ಡಾಕ್ಟರ ಮೇಜಿಗೆ ಹೋಗಬೇಕು. ಆದರೆ ನಮ್ಮ ವತ್ಸಲಾಬಾಯಿ, ಮನೆಗೆ ಯಾರಾದರೂ ಬರುತ್ತಾರೆಂದರೆ ಮೂಲೆಯ ಧೂಳು ಹೊಡೆಯದೆ ಬಾಗಿಲು ತೆರೆಯುವವರಲ್ಲ. "ಡಾಕ್ಟರಿಗೆ ಯಾಕ ತ್ರಾಸು?" ಎಂದುಕೊಂಡು, ಫೈಲು ಕಳಿಸುವ ಮುನ್ನ ಕೆಂಪು ಚೌಕಗಳ ಮೇಲೊಮ್ಮೆ ಕಣ್ಣಾಡಿಸುತ್ತಿದ್ದರು. ಹುಲಗೇಶನ ಮೇಜಿನ ಬಳಿ ಹೋಗಿ, "ಇದನ್ನ ಇನ್ನೊಮ್ಮಿ ನೋಡಪ್ಪಾ" ಎನ್ನುತ್ತಿದ್ದರು. ಅವನು ನೋಡುತ್ತಿದ್ದ. ಸಂಜೆಯೊಳಗೆ ಕೆಂಪು ಹೋಗಿ ಹಸಿರಾಗುತ್ತಿತ್ತು. ಇದರಲ್ಲಿ ಮೋಸವೇನಾದರೂ ಇದೆಯೆಂದು ಅವರಿಗೆ ಕನಸಿನಲ್ಲೂ ಹೊಳೆದಿರಲಿಲ್ಲ. ಹಿರಿಯರು ಕಿರಿಯರಿಗೆ ದಾರಿ ತೋರಿಸುವುದು ಮೋಸ ಹೇಗಾದೀತು?

ಹೀಗಾಗಿ ಇಬ್ಬರ ಒಮ್ಮತ ನೂರಕ್ಕೆ ತೊಂಬತ್ತೆಂಟು. ಬೇರೆ ಊರಿನ ಕೇಂದ್ರಗಳಲ್ಲಿ ಎಪ್ಪತ್ತು ಎಪ್ಪತ್ತೈದು ಬಂದರೆ ಹೆಚ್ಚು. ದಿಲ್ಲಿಯ ಸಮ್ಮೇಳನದಲ್ಲಿ ವತ್ಸಲಾಬಾಯಿಯವರನ್ನು ವೇದಿಕೆಗೆ ಕರೆದು, ಇಷ್ಟು ಒಮ್ಮತ ಹೇಗೆ ಸಾಧಿಸಿದಿರಿ ಎಂದು ಕೇಳಿದ್ದರು. "ಶ್ರದ್ಧೆಯಿಂದ ಓದುತ್ತೇವೆ" ಎಂದಿದ್ದರು ಇವರು. ಸಭೆ ಚಪ್ಪಾಳೆ ತಟ್ಟಿತ್ತು. ಒಬ್ಬರಿಗಾದರೂ ಅನುಮಾನ ಬರಬೇಡವೇ! ಇಬ್ಬರು ಮನುಷ್ಯರು ನೂರರಲ್ಲಿ ತೊಂಬತ್ತೆಂಟು ಸಲ ಒಪ್ಪುವುದು ಗಂಡ ಹೆಂಡಿರಲ್ಲೂ ಇಲ್ಲ.

ವರ್ಷಾ ಪ್ರೊಜೆಕ್ಟರು ಹಚ್ಚಿ ನಾಲ್ಕನೆಯ ಆವೃತ್ತಿಯ ಹೊಸತುಗಳನ್ನು ಒಂದೊಂದಾಗಿ ತೋರಿಸಿದಳು. ಒಂದೇ ಪ್ರಯೋಗವನ್ನು ಎರಡು ಪತ್ರಿಕೆಗಳಲ್ಲಿ ಪ್ರಕಟಿಸಿ ಎರಡೆನಿಸಿದರೆ ಇದು ತಾನೇ ಹಿಡಿಯುತ್ತದೆ. ಎಷ್ಟು ಲೇಖನ ಬಂದವು, ಎಷ್ಟನ್ನು ಬಿಟ್ಟಿರಿ ಎಂಬುದರ ಚಿತ್ರವನ್ನು ತಾನೇ ಬರೆಯುತ್ತದೆ. ಇಬ್ಬರೂ ತಮ್ಮ ಉತ್ತರಕ್ಕೆ ಬೀಗ ಹಾಕುವ ತನಕ ಒಬ್ಬರದು ಇನ್ನೊಬ್ಬರಿಗೆ ಕಾಣುವುದಿಲ್ಲ. ಇದನ್ನು ಕೇಳಿ ವತ್ಸಲಾಬಾಯಿಯವರಿಗೆ ಎಲ್ಲೋ ಒಂದು ಕಡೆ ಚುರ್ ಎಂದಿತು. ಅದೇಕೆಂದು ಅವರು ವಿಚಾರಿಸಿಕೊಳ್ಳಲು ಹೋಗಲಿಲ್ಲ.

"ಮತ್ತ ಇದು ನನಗ ಭಾಳ ಸೇರತೈತ್ರಿ" ಎಂದಳು ವರ್ಷಾ ಉತ್ಸಾಹದಿಂದ. "ಯಾರು, ಯಾವಾಗ, ಏನಿದ್ದದ್ದನ್ನ ಏನಂತ ಬದಲಿ ಮಾಡಿದ್ರು, ಎಲ್ಲಾ ತೋರಸ್ತದ. ಹಳೇ ಫೈಲಿಂದೂ ತೋರಸ್ತದ. ಹಳೇ ಸಾಫ್ಟ್‌ವೇರೂ ಇದನ್ನ ಒಳಗ ಇಟ್ಕೊಂಡ ಇತ್ತು, ನಿಮಗ ಕಾಣ್ತಿರ್ಲಿಲ್ಲ ಅಷ್ಟ. ನಿಮ್ಮದ ಒಂದು ಫೈಲು ತೆರೀಲೇನ್ರಿ?"

ಡಾಕ್ಟರ್ ಜಯತೀರ್ಥರು ಹೆಮ್ಮೆಯಿಂದ ಮುಲಾಮಿನ ಫೈಲು ತೆರೆಯಲು ಹೇಳಿದರು. ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿಗೆ ಹಚ್ಚುವ ಒಂದು ಮುಲಾಮು. ನೂರಾರು ಲೇಖನ ಓದಿ, ಅವುಗಳಲ್ಲಿ ಆರಿಸಿದ ಹತ್ತೊಂಬತ್ತು ಪ್ರಯೋಗಗಳನ್ನು ಸೇರಿಸಿ ಎರಡು ವರ್ಷದ ಹಿಂದೆ ಇವರು ಪ್ರಕಟಿಸಿದ ಸಮೀಕ್ಷೆ ಕೇಂದ್ರಕ್ಕೆ ಹೆಸರು ತಂದಿತ್ತು. ಮುಲಾಮಿನಿಂದ ಗಾಯ ಬೇಗ ಮಾಯುತ್ತದೆ ಎಂದು ಅದರ ತೀರ್ಮಾನ. ಅದನ್ನು ನಂಬಿ ಎರಡು ಜಿಲ್ಲೆಗಳ ನರ್ಸುಗಳ ಕೈಪಿಡಿಯಲ್ಲಿ ಮುಲಾಮಿನ ಹೆಸರು ಸೇರಿತ್ತು.

ಗೋಡೆಯ ಮೇಲೆ ಉದ್ದನೆಯ ಪಟ್ಟಿ ಇಳಿಯಿತು. ಬದಲಾವಣೆಗಳು ನಲವತ್ತಮೂರು. ಮಾಡಿದವರ ಹೆಸರಿನ ಕೆಳಗೆ ಹುಲಗೇಶ, ಹುಲಗೇಶ, ಹುಲಗೇಶ. ಪ್ರತಿ ಸಲವೂ ಅವನು ತನ್ನ ಉತ್ತರ ಅಳಿಸಿ ವತ್ಸಲಾಬಾಯಿಯವರ ಉತ್ತರವನ್ನೇ ಬರೆದುಕೊಂಡಿದ್ದ. ವತ್ಸಲಾಬಾಯಿಯವರ ಹೆಸರಿನಲ್ಲಿ ಬದಲಾವಣೆ ಒಂದೂ ಇರಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. "ಹುಲಗೇಶಣ್ಣ ಪರೀಕ್ಷೆಯಲ್ಲೂ ಹಿಂಗೇ ಪಾಸಾಗಿರಬೇಕು" ಎಂದರು. ಡಾಕ್ಟರು ನಗಲಿಲ್ಲ. ಎದ್ದು ಗೋಡೆಯ ಹತ್ತಿರ ಹೋಗಿ ಒಂದು ಸಾಲಿನ ಮೇಲೆ ಬೆರಳಿಟ್ಟರು.

ಅದು ಹತ್ತೊಂಬತ್ತರಲ್ಲಿ ಎಲ್ಲಕ್ಕಿಂತ ದೊಡ್ಡ ಪ್ರಯೋಗದ ಸಾಲು. ಇನ್ನೂರಕ್ಕೂ ಹೆಚ್ಚು ರೋಗಿಗಳಿದ್ದ, ಇಡೀ ತೀರ್ಮಾನವನ್ನು ತನ್ನ ಕಡೆ ಎಳೆದುಕೊಂಡಿದ್ದ ಲೇಖನ. ವತ್ಸಲಾಬಾಯಿ ಅದಕ್ಕೆ 'ನಂಬಬಹುದು' ಎಂದು ಬರೆದಿದ್ದರು. ಹುಲಗೇಶ ಮೊದಲು ಬರೆದದ್ದು 'ನಂಬಲಾಗದು'. ಕಾರಣವನ್ನೂ ಬರೆದಿದ್ದ: ಮುಲಾಮು ಹಚ್ಚಿದವರಲ್ಲಿ ಹದಿನೇಳು ಜನ ನಡುವೆಯೇ ಬಿಟ್ಟುಹೋದರು ಎಂದು ಲೇಖನ ಹೇಳುತ್ತದೆ, ಆದರೆ ಮೂರನೆಯ ಪಟ್ಟಿಯ ಕೆಳಗೆ ಸಣ್ಣ ಅಕ್ಷರದಲ್ಲಿ, ಆ ಹದಿನೇಳು ಜನರ ಕಾಲ್ಬೆರಳು ಕತ್ತರಿಸಬೇಕಾಯಿತು ಎಂದಿದೆ, ಅವರನ್ನು ಲೆಕ್ಕದಿಂದ ಕೈಬಿಟ್ಟಿದ್ದಾರೆ. ಮರುದಿನ ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ ಇಷ್ಟನ್ನೂ ಅಳಿಸಿ 'ನಂಬಬಹುದು' ಎಂದು ಮಾಡಿದ್ದ.

ವರ್ಷಾ ಪಾಪ, ಏನು ತಪ್ಪು ಮಾಡಿದೆನೋ ಎಂಬಂತೆ ಎಲ್ಲರ ಮುಖ ನೋಡಿದಳು.

"ವತ್ಸಲಾಬಾಯಿ," ಎಂದರು ಡಾಕ್ಟರು ಬೆನ್ನು ತಿರುಗಿಸಿಕೊಂಡೇ. "ಇದು ನಿಮಗ ಗೊತ್ತಿತ್ತೇನು?"

"ಇಲ್ರಿ" ಎಂದರು ವತ್ಸಲಾಬಾಯಿ.

ಯೋಚಿಸಿ ಆಡಿದ ಮಾತಲ್ಲ. ಬಿಸಿ ತಗುಲಿದರೆ ಕೈ ಹಿಂದಕ್ಕೆ ಬರುವಂತೆ ಬಂದದ್ದು. ಅವರು ಇನ್ನೊಂದು ಮಾತು ಸೇರಿಸುವಷ್ಟರಲ್ಲಿ ಹುಲಗೇಶ ಎದ್ದು ನಿಂತಿದ್ದ. "ನಾನ ಮಾಡೀನ್ರಿ ಸರ್. ಮೇಡಂದು ಏನೂ ಇಲ್ಲ." ಅಷ್ಟು ಹೇಳಿ ನೆಲ ನೋಡಿದ. ವತ್ಸಲಾಬಾಯಿ ಆಗಲಾದರೂ ಬಾಯಿ ತೆರೆಯಬೇಕಿತ್ತು. ತೆರೆಯಲಿಲ್ಲ. ಸಂಜೆ ಡಾಕ್ಟರು ಹುಲಗೇಶನಿಗೆ, ವಿಚಾರಣೆ ಮುಗಿಯುವ ತನಕ ಕೆಲಸಕ್ಕೆ ಬರುವುದು ಬೇಡವೆಂದರು. ನಿಯಮ ಮುರಿದವನು ಅವನೇ ಎಂದು ದಾಖಲೆ ಹೇಳುತ್ತಿತ್ತು. ಸಮೀಕ್ಷೆಯ ದಾಖಲೆಯಲ್ಲಿ ಕೈಯಾಡಿಸಿದವನೆಂಬ ಹೆಸರು ಬಂದರೆ ಈ ಊರಿನಲ್ಲಿ ಈ ಕೆಲಸ ಅವನಿಗೆ ಮತ್ತೆ ಸಿಗುವಂತಿರಲಿಲ್ಲ.

ಮರುದಿನ ಮಧ್ಯಾಹ್ನ ಊಟದ ಹೊತ್ತಿಗೆ ಚೀಲ ತೆರೆದಾಗ ಎರಡು ಡಬ್ಬಿಗಳಿದ್ದವು. ರೂಢಿಯ ಮೇಲೆ ಕಟ್ಟಿಕೊಂಡು ಬಂದಿದ್ದರು. ವತ್ಸಲಾಬಾಯಿ ಎರಡನ್ನೂ ತೆರೆದು ನೋಡಿದರು. ಎರಡನ್ನೂ ಹಾಗೇ ಮುಚ್ಚಿ ಚೀಲಕ್ಕೆ ಹಾಕಿದರು.

ಅವರು ತಮಗೆ ತಾವೇ ಏನೇನೋ ಹೇಳಿಕೊಂಡರು. ಆ ಸಣ್ಣ ಅಕ್ಷರ ನನಗೆ ನಿಜಕ್ಕೂ ಗೊತ್ತಿರಲಿಲ್ಲವಲ್ಲ. ಡಾಕ್ಟರು ಕೇಳಿದ್ದು ಅದನ್ನೇ, ಹೇಳಿದ್ದು ನಿಜವೇ. ಕೆಂಪು ಚೌಕ ಕಂಡಾಗ ಒಳಗೆ ಅವನು ಬರೆದಿದ್ದ ಕಾರಣವನ್ನು ತೆರೆದು ನೋಡಲಿಲ್ಲ, ಅದೊಂದು ಅಸಡ್ಡೆ, ಒಪ್ಪುತ್ತೇನೆ. ಅವನ ಮೇಜಿಗೆ ಹೋದೆ, ಇನ್ನೊಮ್ಮೆ ನೋಡಪ್ಪಾ ಎಂದೆ, ಬಂದೆ. ಅಷ್ಟೇ. ಬದಲಾಯಿಸು ಎಂದು ನಾನೆಲ್ಲಿ ಹೇಳಿದೆ? ಹೀಗೆ ಹೇಳಿಕೊಂಡಷ್ಟೂ ಮನಸ್ಸು ಹಗುರಾಗಬೇಕಿತ್ತು, ಆಗಲಿಲ್ಲ. ನಲವತ್ತಮೂರು ಸಲ ಆ ಹುಡುಗ ತನ್ನ ಕಣ್ಣಿಗೆ ಕಂಡದ್ದನ್ನು ಅಳಿಸಿದ್ದ. ಆ ನಲವತ್ತಮೂರನ್ನೂ ಒಟ್ಟು ಮಾಡಿ ತಾವು ದಿಲ್ಲಿಯಲ್ಲಿ ಶ್ರದ್ಧೆ ಎಂದು ಕರೆದಿದ್ದರು. ಆ ಎರಡು ಜಿಲ್ಲೆಗಳಲ್ಲಿ ಯಾವ ನರ್ಸು ಯಾರ ಪಾದಕ್ಕೆ ಇವತ್ತು ಆ ಮುಲಾಮು ಹಚ್ಚುತ್ತಿದ್ದಾಳೋ. ಬಸ್ಸಿನಲ್ಲಿ ಎದುರು ಕೂತವರ ಚಪ್ಪಲಿಯೊಳಗಿನ ಬೆರಳುಗಳನ್ನು ಎಣಿಸುವ ಚಟ ಹತ್ತಿತು.

ಮೂರನೆಯ ದಿನ ಡಾಕ್ಟರ ಕೋಣೆಗೆ ಹೋಗಿ ಎಲ್ಲ ಹೇಳಿದರು. ಡಾಕ್ಟರ್ ಜಯತೀರ್ಥರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕೇಳಿದರು. ಮುಲಾಮಿನ ಸಮೀಕ್ಷೆಯನ್ನು ಹಿಂತೆಗೆದುಕೊಳ್ಳುವ ಪತ್ರ ಆಗಲೇ ಅವರ ಮುಂದಿತ್ತು. ಆ ಒಂದು ಲೇಖನ ಕೈಬಿಟ್ಟರೆ ಮುಲಾಮಿನ ಗುಣವೆಂಬುದು ಉಳಿಯುತ್ತಲೇ ಇರಲಿಲ್ಲ.

"ವತ್ಸಲಾಬಾಯಿ, ನಿಮ್ಮದು ದೊಡ್ಡ ಮನಸ್ಸು" ಎಂದರು ಅವರು. "ನೀವ ತಂದ ಹುಡುಗ, ಉಳಿಸಬೇಕು ಅನಸ್ತದ. ನನಗ ತಿಳೀತದ."

"ದೊಡ್ಡ ಮನಸ್ಸಲ್ರಿ. ಖರೇ ಹೇಳಾಕತ್ತೀನಿ."

"ಅವತ್ತು ಎಲ್ಲಾರ ಮುಂದ ನಾ ಕೇಳಿದೆ. ಇಲ್ಲ ಅಂದ್ರಿ. ಇವತ್ತು ಹೌದು ಅಂತೀರಿ. ಯಾವುದನ್ನ ನಂಬಲಿ?" ಅವರು ಖಾನೆಯಿಂದ ಒಂದು ಹಾಳೆ ತೆಗೆದರು. ಹುಲಗೇಶ ಬರೆದು ಕಳಿಸಿದ ಹೇಳಿಕೆ. ಮೇಡಂ ಅವರಿಗೆ ಯಾವುದೂ ತಿಳಿಯದು, ತಪ್ಪೆಲ್ಲ ನನ್ನದೇ, ಎಂದು ಮೂರೇ ಸಾಲು. "ದಾಖಲೆ ಇದನ್ನ ಹೇಳ್ತದ. ಅವನೂ ಇದನ್ನ ಹೇಳ್ತಾನ. ನಿಮ್ಮದೊಂದ ಬ್ಯಾರೆ. ನೀವು ಬರದು ಕೊಡ್ರಿ, ಇಟ್ಕೋತೀನಿ. ಅವನೂ ಹಂಗ ಬರದು ಕೊಟ್ರ ಸೋಮವಾರ ವಿಚಾರಣಾ ಮಂಡಳಿ ಮುಂದ ಇಡೂಣು. ಇಲ್ಲಾಂದ್ರ ನಾ ಏನೂ ಮಾಡಾಕ ಬರಂಗಿಲ್ಲ."

ವತ್ಸಲಾಬಾಯಿ ಅಲ್ಲೇ ಕೂತು ಬರೆದು ಕೊಟ್ಟರು: ಇನ್ನೊಮ್ಮೆ ನೋಡೆಂದು ಹೇಳಿದೆ, ಒಳಗಿನ ಕಾರಣ ನನಗೆ ತಿಳಿದಿರಲಿಲ್ಲ, ಆದರೂ ನನ್ನ ಮಾತಿನ ಮೇಲೆ ಅವನು ಬದಲಾಯಿಸಿದ. ಸಹಿ ಹಾಕಿದರು. ಒಂದು ಸುಳ್ಳು ಹೇಳಿದ್ದರಿಂದ ಈಗ ತಮ್ಮ ನಿಜಕ್ಕೂ ಬೆಲೆಯಿಲ್ಲವೆಂಬುದು ಮೆಟ್ಟಿಲು ಇಳಿಯುವಾಗ ಪೂರ್ತಿ ಅರ್ಥವಾಯಿತು.

ಭಾನುವಾರ ಬೆಳಿಗ್ಗೆ ಸಿಕಂದರಾಬಾದಿನಲ್ಲಿ ಬಸ್ಸು ಬದಲಿಸಿ ಮಿಯಾಪುರಕ್ಕೆ ಹೋದರು. ಹುಲಗೇಶನ ಮನೆ ದೊಡ್ಡ ಅಪಾರ್ಟ್‌ಮೆಂಟುಗಳ ಹಿಂದಿನ ಗಲ್ಲಿಯಲ್ಲಿ, ಎರಡು ಕೋಣೆಯದು. ಆ ಅಪಾರ್ಟ್‌ಮೆಂಟುಗಳಿಗೆ ಇಟ್ಟಿಗೆ ಹೊತ್ತವಳು ಅವನ ತಾಯಿ ಗುಂಡಮ್ಮ. ಬಾಗಿಲಲ್ಲಿ ವತ್ಸಲಾಬಾಯಿಯವರನ್ನು ಕಂಡು ಆಕೆ ಗಾಬರಿಯಿಂದ ಸೆರಗು ಸರಿಮಾಡಿಕೊಂಡಳು.

"ಯವ್ವಾ, ಮೇಡಮ್ಮಾರು! ಬರ್ರಿ, ಒಳಗ ಬರ್ರಿ. ಆಫೀಸಿಗೆ ಬಣ್ಣಾ ಹಚ್ಚಾಕತ್ಯಾರಂತಲ್ರಿ, ಅದಕ್ಕ ಸೂಟಿ ಐತಿ ಅಂದ ನಮ್ಮ ಹುಡುಗ. ಮುಗೀತೇನ್ರಿ?"

ವತ್ಸಲಾಬಾಯಿ ಹೊಸ್ತಿಲಲ್ಲೇ ನಿಂತರು. "ಇನ್ನೂ ಸ್ವಲ್ಪ ಐತಿ" ಎಂದರು. ಸುಳ್ಳಿನ ಮೇಲೆ ಸುಳ್ಳು ಎಷ್ಟು ಸಲೀಸಾಗಿ ಬರುತ್ತಿದೆಯಲ್ಲ ಎಂದು ತಮ್ಮ ಬಗ್ಗೆ ತಮಗೇ ಹೇಸಿಗೆಯಾಯಿತು.

ಗುಂಡಮ್ಮ ಚಾಪೆ ಹಾಸಿದಳು. "ಅವಗ ನಾ ಹಡದ ತಾಯಿ ಅಷ್ಟ. ದಾರಿಗೆ ಹಚ್ಚಿದವ್ರು ನೀವು. ಮೇಡಮ್ಮಾರ ಮಾತು ಮೀರಬ್ಯಾಡ, ಎದುರು ಮಾತಾಡಬ್ಯಾಡ ಅಂತ ದಿನಾ ಮುಂಜಾನೆ ಹೇಳಿ ಕಳಸ್ತೀನ್ರಿ" ಎಂದು, ಚಹಾ ಇಡಲು ಒಳಗೆ ಹೋದಳು. ಒಳ್ಳೆಯ ಮಾತು ಮನುಷ್ಯನನ್ನು ಎಷ್ಟು ನೋಯಿಸಬಹುದೆಂದು ತಿಳಿಯಬೇಕಾದರೆ ಅವತ್ತು ವತ್ಸಲಾಬಾಯಿಯವರ ಮುಖ ನೋಡಬೇಕಿತ್ತು.

ಹುಲಗೇಶ ಬಂದು ಎದುರಿಗೆ ಕೂತ. ನಾಲ್ಕು ದಿನದಲ್ಲಿ ಸೊರಗಿದ್ದ. ವತ್ಸಲಾಬಾಯಿ ಡಾಕ್ಟರು ಹೇಳಿದ್ದೆಲ್ಲ ಹೇಳಿ, "ನಿನ್ನ ಕೆಲಸ ಉಳೀಬೇಕಂದ್ರ ನೀ ಬ್ಯಾರೆ ಬರದು ಕೊಡಬೇಕಪ್ಪಾ" ಎಂದರು.

"ಕೊಡ್ತೀನ್ರಿ" ಎಂದ ಅವನು ಒಂದು ಕ್ಷಣವೂ ತಡಮಾಡದೆ. ಹಾಳೆ ತಂದ, ಪೆನ್ನು ತೆರೆದ, ಬಗ್ಗಿ ಕೂತ. "ಏನಂತ ಬರೀಲ್ರಿ ಮೇಡಂ?"

ವತ್ಸಲಾಬಾಯಿಯವರಿಗೆ ಆಗ ಹೊಳೆಯಿತು. ಮತ್ತೆ ಅದೇ. ಅವನು ಬರೆದ ಉತ್ತರವನ್ನು ಅಳಿಸಿ ತಮ್ಮ ಉತ್ತರ ಬರೆದುಕೊಳ್ಳೆಂದು ಹೇಳಲು ಎರಡು ಬಸ್ಸು ಹಿಡಿದು ಬಂದಿದ್ದರು. ಆದರೆ ಬಿಟ್ಟರೆ ನಾಳೆ ಮಂಡಳಿ, ಅವನ ಕೆಲಸ ಹೋಗುತ್ತದೆ. ನಿಜವನ್ನೇ ತಾನೇ ಬರೆಸುತ್ತಿರುವುದು ಎಂದುಕೊಂಡು ಗಟ್ಟಿ ಮನಸ್ಸು ಮಾಡಿದರು. "ಬರಿ. ಮೇಡಂ ನನ್ನ ಮೇಜಿನ ಹತ್ತಿರ ಬಂದರು. ಇನ್ನೊಮ್ಮೆ ನೋಡು ಎಂದರು."

ಅವನು ಬರೆದ. ದುಂಡಗಿನ ಅಕ್ಷರ, ಒಂದು ಚಿತ್ತಿಲ್ಲ.

ಇಷ್ಟೇ ಬರೆದರೆ ಮಂಡಳಿ ನಂಬದು ಎನಿಸಿತು ವತ್ಸಲಾಬಾಯಿಯವರಿಗೆ. ತಪ್ಪು ಮಾಡಿದವರಿಗೆ ಶಿಕ್ಷೆ ಬೇಕೆನಿಸಿದಾಗ ಅದನ್ನೂ ತಾವೇ ಬಡಿಸಿಕೊಳ್ಳುವ ಉಮೇದು ಬರುತ್ತದೆ. "ಮುಂದ ಬರಿ. ನಾನು ಒಪ್ಪಲಿಲ್ಲ. ಆಗ ಮೇಡಂ ಸಿಟ್ಟಿಗೆದ್ದು, ಬದಲಾಯಿಸದಿದ್ದರೆ ಕೆಲಸದಿಂದ ತೆಗೆಸುತ್ತೇನೆ ಎಂದು ಹೆದರಿಸಿದರು."

ಪೆನ್ನು ನಿಂತಿತು.

"ಇದು ಆಗಿಲ್ಲಲ್ರಿ" ಎಂದ ಹುಲಗೇಶ.

"ಆಗಲಿ ಬಿಡಲಿ, ನೀ ಬರಿ. ನಿನಗ ಒಳ್ಳೇದಾಗತೈತಿ."

"ಇಲ್ರಿ ಮೇಡಂ." ಅವನು ಪೆನ್ನಿನ ಮುಚ್ಚಳ ಹಾಕಿದ. "ಇದನ್ನ ನಾ ಬರಿಯಂಗಿಲ್ಲ."

ಆರು ವರ್ಷದಲ್ಲಿ ಅವನ ಬಾಯಿಂದ ಇಂಥ ಮಾತು ಅವರು ಕೇಳಿದ್ದು ಇದೇ ಮೊದಲು. ಸಿಟ್ಟು ಬರಬೇಕೋ ಸಂತೋಷ ಪಡಬೇಕೋ ತಿಳಿಯದೆ, "ಹಂಗಾದ್ರ ಏನಾಗಿತ್ತು ಅದನ್ನರ ಹೇಳು" ಎಂದರು.

ಹುಲಗೇಶ ಚಾಪೆಯ ಅಂಚು ಕೆದರುತ್ತ, ತಲೆಯೆತ್ತದೆ ಹೇಳಿದ.

"ನೀವು ಇನ್ನೊಮ್ಮಿ ನೋಡು ಅಂದ್ರಿ. ನಾ ನೋಡಿದೆ. 'ಮೇಡಂ, ಕೆಳಗ ಸಣ್ಣ ಅಕ್ಷರದಾಗ ಬರದಾರ್ರಿ, ಹದಿನೇಳು ಮಂದಿದು ಬೆರಳು ತಗದಾರಂತ' ಅಂದೆ. ನೀವು ಏನೂ ಅನ್ನಲಿಲ್ಲ. ಸಿಟ್ಟೂ ಮಾಡಲಿಲ್ಲ. ಹೋಗಲೂ ಇಲ್ಲ. ನನ್ನ ಕುರ್ಚಿ ಹಿಂದ ಸುಮ್ಮನ ನಿಂತ್ರಿ. ಊಟಕ್ಕ ಎಲ್ಲಾರೂ ಕೆಳಗ ಹೋದ್ರು. ನೀವು ನಿಂತ ಇದ್ರಿ. ನಾ ಬದಲಿ ಮಾಡೂ ತನಕಾ ನಿಂತಿದ್ರಿ. ಮಾಡಿದ ಮ್ಯಾಲ 'ಶಾಣ್ಯಾ ಅದೀ' ಅಂತ ನನ್ನ ತಲಿ ಮ್ಯಾಲ ಕೈ ಇಟ್ರಿ. ಊಟಕ್ಕ ಬಾ ಅಂದ್ರಿ."

"ಹಂಗ..." ಎಂದರು ವತ್ಸಲಾಬಾಯಿ. ಹಾಗಾಗಿಲ್ಲ ಎನ್ನಲು ಹೊರಟಿದ್ದರು. ಅವನು ಕಾರಣ ಹೇಳಿದ್ದು ಅವರಿಗೆ ಒಂದಿಷ್ಟೂ ನೆನಪಿರಲಿಲ್ಲ. ಹೇಳಿಯೇ ಇಲ್ಲ ಎಂದು ದೇವರ ಮುಂದೆ ನಿಂತು ಹೇಳಬಲ್ಲವರಾಗಿದ್ದರು. ಅಷ್ಟರಲ್ಲಿ ಬೇರೊಂದು ನೆನಪಾಯಿತು. ಹುಡುಗ ಅವತ್ತು ತಲೆಗೆ ಎಣ್ಣೆ ಹಚ್ಚಿಕೊಂಡು ಬಂದಿದ್ದ. ಅಂಗೈಗೆ ಹತ್ತಿದ ಜಿಡ್ಡನ್ನು ಮೆಟ್ಟಿಲಿಳಿಯುತ್ತ ಸೆರಗಿಗೆ ಒರೆಸಿಕೊಂಡಿದ್ದರು, ಹೊಸ ಇಳಕಲ್ಲು ಸೀರೆ ಹಾಳಾಯಿತಲ್ಲ ಎಂದು ತಮ್ಮಷ್ಟಕ್ಕೆ ಗೊಣಗಿದ್ದರು. ಆ ಸೀರೆಯ ಕಲೆ ಇನ್ನೂ ಹೋಗಿಲ್ಲ.

ತಲೆಯ ಮೇಲೆ ಕೈ ಇಟ್ಟದ್ದು ನಿಜವಾದರೆ ಉಳಿದದ್ದೂ ನಿಜ. ಅಂದರೆ ಅವನು ಹೇಳಿದ್ದ. ಅವರ ಕಿವಿಗೆ ಬಿದ್ದಿತ್ತು. ಹದಿನೇಳು ಜನರ ಬೆರಳಿನ ಮಾತು ಕೇಳಿಸಿಕೊಂಡು, ಒಂದು ಕೆಂಪು ಚೌಕ ಉಳಿಯಬಾರದೆಂದು, ಅವರು ಅಲ್ಲೇ ನಿಂತಿದ್ದರು. ಡಾಕ್ಟರು ಗೋಡೆಯ ಮುಂದೆ ಕೇಳಿದ ಪ್ರಶ್ನೆಗೆ ಕೊಟ್ಟ ಉತ್ತರದಲ್ಲಿ ಅರ್ಧ ನಿಜವೂ ಇರಲಿಲ್ಲ. ಮೊನ್ನೆ ಸಹಿ ಹಾಕಿ ಕೊಟ್ಟ ತಪ್ಪೊಪ್ಪಿಗೆಯಲ್ಲೂ ಪೂರ್ತಿ ನಿಜ ಇರಲಿಲ್ಲ.

"ಇದನ್ನ ಬರೀಲೋ ಬ್ಯಾಡೋ ಮೇಡಂ?" ಎಂದು ಕೇಳಿದ ಹುಲಗೇಶ.

"ನನ್ನ ಕೇಳಬ್ಯಾಡ" ಎಂದರು ವತ್ಸಲಾಬಾಯಿ. "ನಾ ಇಲ್ಲಿ ಇರಂಗಿಲ್ಲ." ಮೊಣಕಾಲಿಗೆ ಕೈಯೂರಿ ಎದ್ದರು. ಅವನ ಬೆನ್ನ ಹಿಂದಿನಿಂದ ಹೋಗಬೇಕಿತ್ತು. ಹಾಗೆ ಹೋಗದೆ, ಎದುರಿನಿಂದಲೇ ಸುತ್ತಿ ಒಳಗಿನ ಕೋಣೆಗೆ ನಡೆದರು.

ಗುಂಡಮ್ಮ ಚಹಾ ಸೋಸುತ್ತಿದ್ದಳು. ವತ್ಸಲಾಬಾಯಿ ಒಲೆಯ ಪಕ್ಕದ ಗೋಡೆಗೆ ಒರಗಿ ನೆಲದ ಮೇಲೆ ಕೂತುಬಿಟ್ಟರು. ಹೊರಗಿನ ಕೋಣೆಯಲ್ಲಿ ಪೆನ್ನು ಓಡುವ ಸದ್ದು ಕೇಳುತ್ತಿತ್ತು. ನಿಲ್ಲುತ್ತಿತ್ತು, ಮತ್ತೆ ಓಡುತ್ತಿತ್ತು. ಅವನು ಹಾಳೆ ತಿರುವಿದ್ದೂ ಕೇಳಿಸಿತು.

"ಏನ ಬರಿಯಾಕತ್ಯಾನ್ರಿ?" ಎಂದಳು ಗುಂಡಮ್ಮ. "ಒಬ್ಬನ್ನ ಬಿಟ್ಟು ಬಂದ್ರಿ. ಹೇಳಿಕೊಡ್ರಿ, ತಪ್ಪು ಬರದಾನು."

"ಅವ ತಪ್ಪು ಬರಿಯಂಗಿಲ್ಲ ಗುಂಡಮ್ಮಾ" ಎಂದರು ವತ್ಸಲಾಬಾಯಿ. "ತಪ್ಪು ಬರದು ಕೊಟ್ಟಾಕಿ ನಾನು." ಆಕೆಗೆ ಅರ್ಥವಾಗಲಿಲ್ಲ. ಚಹಾದ ಬಸಿ ಮುಂದಿಟ್ಟು, ಮೇಡಮ್ಮಾರು ಯಾಕೆ ಹೀಗೆ ಅಳುತ್ತಿದ್ದಾರೆಂದು ಕೇಳಲು ಧೈರ್ಯ ಸಾಲದೆ, ಅವರ ಹತ್ತಿರ ಬಂದು ಕೂತಳು.